480 ಜೀನ್‌ಗಳಲ್ಲಿ ಆಕ್ಟಿನ್‌ಗೂ ಜಾಗ ಬೇಕೇ?

ಹೆಬ್ಬಾಳದವನು: ಮಾನವ ಯಕೃತ್ತಿನ ಗೆಡ್ಡೆಗೆ ಝೀನಿಯಂ ಪ್ಯಾನೆಲ್ ಸಿದ್ಧಪಡಿಸುತ್ತಿದ್ದೇವೆ; ಅಂದರೆ ಅಂಗಾಂಶದ ತೆಳು ಪದರದಲ್ಲೇ ಯಾವ ಜೀನ್‌ಗಳ ಆರ್‌ಎನ್‌ಎಯನ್ನು ಚುಕ್ಕೆಗಳಾಗಿ ನೋಡಬೇಕೆಂಬ ಪಟ್ಟಿ. ಇರುವುದು 480 ಜಾಗ. ಹಿರಿಯರೊಬ್ಬರು ಆಕ್ಟಿನ್, ಆಲ್ಬುಮಿನ್ ಎರಡೂ ಇರಲೇಬೇಕೆಂದು ಹಟ ಹಿಡಿದಿದ್ದಾರೆ. ಎಲ್ಲ ಕೋಶಗಳಲ್ಲೂ ಇರುವ ಆಕ್ಟಿನ್ ಯಾವ ಕೋಶದ ಗುರುತನ್ನು ಹೇಳೀತು? ಆಲ್ಬುಮಿನ್ ಹಾಕಿದರೆ, ಅದನ್ನು ಹೇರಳವಾಗಿ ತಯಾರಿಸುವ ಹೆಪಟೊಸೈಟ್ (ಯಕೃತ್ತಿನ ಮುಖ್ಯ ಕೋಶ) ತುಂಬ ಚುಕ್ಕೆಗಳು ಒಂದರ ಮೇಲೊಂದು ಬಿದ್ದು, ಎಣಿಸಬೇಕಾದ ಕಡೆ ಸುಣ್ಣ ಬಳಿದ ಗೋಡೆ ಕಾಣಿಸುತ್ತದೆ. ಎಲೆ ತುಂಬ ಉಪ್ಪು ಬಡಿಸಿದ ಹಾಗೆ.

ತುಂಗಾತೀರ: ಎಲೆಗೆ ಮೊದಲು ಬೀಳುವುದೇ ಉಪ್ಪು, ಸ್ವಾಮಿ. ಆಕ್ಟಿನ್ ಇಲ್ಲದೆ ಆರ್‌ಎನ್‌ಎ ಹಾಳಾಗಿದೆಯೋ ಇಲ್ಲವೋ ಹೇಗೆ ತಿಳಿಯುತ್ತೀರಿ?

ಚಾಮರಾಜಪೇಟೆ ಅಜ್ಜ: ಮೊದಲು ಉಪ್ಪಲ್ಲ, ಪಾಯಸ. ಎಲೆಯ ಬಲತುದಿಗೆ ಒಂದು ಚಮಚ.

ಹೆಬ್ಬಾಳದವನು: ಹಾಳಾಗಿದೆಯೇ ಎಂಬುದನ್ನು ಅಂಗಾಂಶದ ಬ್ಲಾಕ್ ಕತ್ತರಿಸಿದಾಗಲೇ ಡಿವಿ200 (ಆರ್‌ಎನ್‌ಎ ಎಷ್ಟು ತುಂಡಾಗಿದೆ ಎಂದು ತಿಳಿಸುವ ಅಳತೆ) ನೋಡಿ ತಿಳಿಯಬೇಕು. ಅದಕ್ಕೆ ಪ್ಯಾನೆಲ್‌ನ ಜಾಗವೇಕೆ?

ಪದರ: ಇಬ್ಬರೂ ಮುಖ್ಯವಾದದ್ದನ್ನು ಬಿಟ್ಟಿದ್ದೀರಿ. ಅಂಗಾಂಶವನ್ನು ಬಿಡಿ ಕೋಶಗಳಾಗಿಸಿ ಪಡೆದ ಏಕಕೋಶ ದತ್ತಾಂಶವನ್ನಷ್ಟೇ ನಂಬಿ ಗುರುತು ಜೀನ್ ಆರಿಸಿದರೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಬಿಟ್ಟುಹೋಗುತ್ತವೆ. ಅಂಗಾಂಶ ಬಿಡಿಸುವಾಗಲೇ ಅವು ಸಾಯುತ್ತವೆ. ಟಿ ಕೋಶದ ಗುರುತೆಂದು ಸಿಡಿ4 ಜೀನ್ ಒಂದನ್ನೇ ನೆಚ್ಚಿದರೆ ಮ್ಯಾಕ್ರೊಫೇಜ್ (ಇನ್ನೊಂದು ಬಗೆಯ ರೋಗನಿರೋಧಕ ಕೋಶ) ಕೂಡ ಟಿ ಕೋಶದ ವೇಷ ತೊಡುತ್ತದೆ.

ತುಂಗಾತೀರ: "ಮುಖ್ಯವಾದದ್ದು" ಯಾವುದೆಂದು ತೀರ್ಮಾನಿಸಲು ತಾವು ಯಾರು? ಇದೇ ಬಗೆಯ ಇನ್ನೊಂದು ವಿಧಾನವಾದ ಮರ್ಫಿಶ್‌ನ 2015ರ ಪ್ರಬಂಧದಲ್ಲೇ 1001 ಜೀನ್ ಓದಿದ್ದಾರೆ. ಜಾಗದ ಬಡತನ ನಿಮ್ಮ ತಲೆಯೊಳಗಿನದು.

ಪದರ: ಅದೇ ಪ್ರಬಂಧದಲ್ಲಿ ಜೀನ್ ಓದುವಾಗಿನ ತಪ್ಪನ್ನು ತಿದ್ದಬಲ್ಲ ಸಂಕೇತ ಇದ್ದದ್ದು 140 ಜೀನ್‌ಗಳಿಗೆ. 1001ಕ್ಕೆ ತಪ್ಪು ಗುರುತಿಸಲು ಮಾತ್ರ ಸಾಧ್ಯವಿತ್ತು, ತಿದ್ದಲು ಅಲ್ಲ. ಆ ಪುಟ ಹಾರಿಸಿ ಓದಿದಿರೋ?

ಚಾಮರಾಜಪೇಟೆ ಅಜ್ಜ: ಉಪ್ಪು ಎಡತುದಿಗೆ, ಅದೂ ಪಾಯಸದ ನಂತರ. ತುಂಗೆಯ ಕಡೆ ಪಂಕ್ತಿಯ ಕ್ರಮ ಮರೆತುಹೋಯಿತೋ ಏನೋ.

ತುಂಗಾತೀರ: ನಮ್ಮ ಕಡೆಯನ್ನು ಎಳೆದು ತರಬೇಡಿ! ಉಪ್ಪು, ಕೋಸಂಬರಿ, ಪಲ್ಯ ಬಡಿಸಿದ ಮೇಲೇ ಪಾಯಸ. ನಮ್ಮ ತಾತ ಮುನ್ನೂರು ಎಲೆಗೆ ಬಡಿಸಿದವರು.

ಪದರ: ಬೀಗರ ಮನೆಯಲ್ಲಿ ನಾನು ಕಂಡದ್ದೂ ಪಾಯಸವೇ ಮೊದಲು.

ತುಂಗಾತೀರ: ನಿಮ್ಮ ಬೀಗರೇನು ಶಾಸನ ಬರೆದರೇ?

ಹೆಬ್ಬಾಳದವನು: ಆಲ್ಬುಮಿನ್ ವಿಷಯ ಯಾರಾದರೂ ಹೇಳುತ್ತೀರಾ? ಶುಕ್ರವಾರ ಪಟ್ಟಿ ಕಳುಹಿಸಬೇಕು.

ಪದರ: ಬೇಕೇ ಬೇಕೆಂದರೆ ಅದರ ಪ್ರೋಬ್‌ಗಳನ್ನು (ಆರ್‌ಎನ್‌ಎಗೆ ಅಂಟಿ ಅದನ್ನು ಗುರುತಿಸುವ ತುಣುಕುಗಳನ್ನು) ಕಡಿಮೆ ಮಾಡಿ, ಚುಕ್ಕೆಗಳು ವಿರಳವಾಗುತ್ತವೆ.

ತುಂಗಾತೀರ: ನೋಡಿದಿರಾ, ಚಿಟಿಕೆ ಉಪ್ಪು. ನಾನು ಹೇಳಿದ್ದೂ ಅದನ್ನೇ.

ಚಾಮರಾಜಪೇಟೆ ಅಜ್ಜ: ಪಾಯಸದ ನಂತರ.