ಬರಕ್ಕೆ ಹುಲ್ಲುಗಾವಲು ಒಣಗಿದೆ: ಎಲ್‌ಎಫ್‌ಪಿ ಹಣ ಎಷ್ಟು ರಾಸಿಗೆ ಸಿಗುತ್ತದೆ?

ಪ್ರಶ್ನೆ
ಅಮೆರಿಕದ ಕೃಷಿ ಇಲಾಖೆ ಮೇವು ನಷ್ಟಕ್ಕೆ ಕೊಡುವ ಎಲ್‌ಎಫ್‌ಪಿ ಪರಿಹಾರದ ಬಗ್ಗೆ ತಿಳಿದವರು ಹೇಳಿ. ಮಾಂಸದ ತಳಿಯ 100 ದೊಡ್ಡ ಹಸುಗಳಿವೆ. ಮೇಯಿಸಲು 600 ಎಕರೆ, ಅದರಲ್ಲಿ 200 ಗುತ್ತಿಗೆಯದು. ಕೌಂಟಿಯ ಒಂದು ಮೂಲೆ ಈ ವಾರ ಬರದ ನಕ್ಷೆಯಲ್ಲಿ ಡಿ3ಕ್ಕೆ (ಅತಿ ತೀವ್ರ ಬರ) ಹೋಗಿದೆ, ನಮ್ಮ ಜಮೀನಿರುವ ಕಡೆ ಇನ್ನೂ ಡಿ2 (ತೀವ್ರ ಬರ). ಅರ್ಜಿ ಹಾಕಬಹುದಾ? 100 ಹಸುವಿಗೂ ಹಣ ಬರುತ್ತದಾ?

ಉತ್ತರ 1
ಖಂಡಿತ ಹಾಕಿ. ಕೌಂಟಿಯ ಯಾವ ಭಾಗದಲ್ಲಿ ಡಿ3 ಬಂದರೂ ಇಡೀ ಕೌಂಟಿಗೆ ಲೆಕ್ಕ. ಆದರೆ ನಿಮ್ಮ ಹುಲ್ಲಿನ ಬಗೆಗೆ ನಿಗದಿಯಾದ ಮೇಯುವ ಅವಧಿಯೊಳಗೇ ಅದು ಬಂದಿರಬೇಕು. ಸಹಜ ಹುಲ್ಲಿಗೆ ಒಂದು ಅವಧಿ, ಮೇಯಿಸಲೆಂದು ಬಿತ್ತಿದ ಗೋಧಿಗೆ ಇನ್ನೊಂದು.

ಡಿ3 ಒಮ್ಮೆ ಮುಟ್ಟಿದರೂ 3 ತಿಂಗಳ ಹಣ. ಡಿ3 ನಾಲ್ಕು ವಾರ ಇದ್ದರೆ ಅಥವಾ ಎಲ್ಲಕ್ಕಿಂತ ಕೆಟ್ಟ ಹಂತವಾದ ಡಿ4 ಒಮ್ಮೆ ಬಂದರೆ 4 ತಿಂಗಳು, ಡಿ4 ನಾಲ್ಕು ವಾರವಾದರೆ 5. ನಕ್ಷೆ ಪ್ರತಿ ಗುರುವಾರ ಹೊಸದಾಗುತ್ತದೆ, ನೋಡುತ್ತಿರಿ.

100 ಹಸುವಿಗೂ ಬರುವುದು ಅನುಮಾನ. ಎರಡು ಲೆಕ್ಕ ಹಾಕಿ, ಯಾವುದು ಕಡಿಮೆಯೋ ಅದರ 60% ಕೊಡುತ್ತಾರೆ. ಮೊದಲನೆಯದು ರಾಸುಗಳ ಮೇವಿನ ಖರ್ಚು: ದೊಡ್ಡ ಹಸುವಿಗೆ ದಿನಕ್ಕೆ 15.7 ಪೌಂಡ್ ಮೆಕ್ಕೆಜೋಳ, ತಿಂಗಳಿಗೆ 471 ಪೌಂಡ್. ಬುಷೆಲ್‌ಗೆ (56 ಪೌಂಡ್) 5.60 ಡಾಲರ್ ಎಂದುಕೊಂಡರೆ 47.10 ಡಾಲರ್, ಅದರ 60% ಅಂದರೆ 28.26. ನೂರು ಹಸು, 3 ತಿಂಗಳಿಗೆ 8,478 ಡಾಲರ್.

ಎರಡನೆಯದು ನೆಲದ ಲೆಕ್ಕ. ನಿಮ್ಮಲ್ಲಿ ಒಂದು ಹಸುವಿಗೆ 10 ಎಕರೆ ಬೇಕೆಂದು ನಿಗದಿಯಾಗಿದ್ದರೆ 600 ಎಕರೆ 60 ಹಸುವನ್ನಷ್ಟೇ ಹೊರುತ್ತದೆ. ಆಗ ಕೈಗೆ ಸಿಗುವುದು ಸುಮಾರು 5,087. ಬಹಳ ಜನ ಮೊದಲ ಲೆಕ್ಕವನ್ನೇ ನಂಬಿ ಸಾಲ ಮಾಡುತ್ತಾರೆ, ಹಾಗೆ ಮಾಡಬೇಡಿ.

ಉತ್ತರ 2
ಮೇಲಿನವರು ಹೇಳಿದ್ದಕ್ಕೆ ಸೇರಿಸುವುದಿಷ್ಟು: ಹಣ ಕೈತಪ್ಪುವುದು ಹೆಚ್ಚಾಗಿ ಕಾಗದದಲ್ಲಿ. ಎಫ್‌ಎಸ್‌ಎ (ಈ ಯೋಜನೆ ನಡೆಸುವ, ಕೃಷಿ ಇಲಾಖೆಯ ಸಂಸ್ಥೆ) ಕೌಂಟಿ ಕಚೇರಿಯಲ್ಲಿ ಎಕರೆ ವರದಿ (ಎಫ್‌ಎಸ್‌ಎ-578) ಕೊಡುವಾಗ ಬಳಕೆ 'ಮೇಯಿಸಲು' ಎಂದೇ ಬರೆಸಿರಬೇಕು. ಒಣಹುಲ್ಲು ಕೊಯ್ಯುವ ನೆಲವೆಂದು ಬರೆಸಿದರೆ ಆ ಎಕರೆಗಳು ಲೆಕ್ಕದಿಂದ ಹೊರಗೆ. ಗುತ್ತಿಗೆ ಪತ್ರವಿಲ್ಲದೆ ನಿಮ್ಮ 200 ಎಕರೆ ಬಿದ್ದುಹೋದರೆ 60 ಹಸು 40 ಆಗುತ್ತದೆ, ಮೊತ್ತ ಸುಮಾರು 3,390ಕ್ಕೆ ಇಳಿಯುತ್ತದೆ. ಬಾಯಿಮಾತಿನ ಗುತ್ತಿಗೆಯಾಗಿದ್ದರೆ ಈಗಲೇ ಮಾಲೀಕರ ಸಹಿ ಇರುವ ಪತ್ರ ಮಾಡಿಸಿಕೊಳ್ಳಿ.

ಅರ್ಜಿ ಸಿಸಿಸಿ-853. ಜೊತೆಗೆ ಆದಾಯದ ಸಿಸಿಸಿ-941, ಕೃಷಿ ಯೋಜನೆಯ ಸಿಸಿಸಿ-902, ಮಣ್ಣು ಮತ್ತು ಜೌಗುನೆಲ ಸಂರಕ್ಷಣೆಯ ಎಡಿ-1026. ಇವು ಹಿಂದೆಯೇ ಕಡತದಲ್ಲಿದ್ದರೂ ವಿವರ ಬದಲಾಗಿದೆಯೇ ಕೇಳಿ. ಬರ ಶುರುವಾದ ದಿನಕ್ಕಿಂತ ಹಿಂದಿನ 60 ದಿನಗಳಲ್ಲಿ ಹಸುಗಳು ನಿಮ್ಮವಾಗಿದ್ದವು ಎನ್ನಲು ಖರೀದಿ ರಸೀದಿ, ಲಸಿಕೆ ದಾಖಲೆ ತೆಗೆದಿಡಿ.

ಪ್ರಶ್ನೆ ಕೇಳಿದವರು
ತುಂಬಾ ಉಪಕಾರವಾಯಿತು. ಕಳೆದ ವರ್ಷ ಬರಕ್ಕೆ ಮಾರಿದ ಹಸುಗಳಿಗೆ? ಟ್ಯಾಂಕರ್ ನೀರಿಗೆ?

ಉತ್ತರ 1
ಹಿಂದಿನ ಎರಡು ವರ್ಷಗಳಲ್ಲಿ ಬರದ ಕಾರಣಕ್ಕೇ ಮಾರಿದ್ದರೆ ಸೇರಿಸಬಹುದು, ದರ ಮೇಲೆ ಹೇಳಿದ್ದರ 80%. ಮಾರಾಟದ ರಸೀದಿ ಬೇಕು. ನೀರು ಸಾಗಿಸುವ ಖರ್ಚು ಇದರಲ್ಲಿ ಬರುವುದಿಲ್ಲ, ಅದಕ್ಕೆ ಇಎಲ್‌ಎಪಿ ಎಂಬ ಬೇರೆ ಯೋಜನೆಯಿದೆ. ಒಂದೇ ಭೇಟಿಯಲ್ಲಿ ಎರಡನ್ನೂ ಕೇಳಿ. ಟ್ಯಾಂಕರ್ ಎಷ್ಟು ಸಲ ಹೋಯಿತು, ಎಷ್ಟು ಗ್ಯಾಲನ್, ಎಷ್ಟು ಮೈಲಿ, ದಿನದ ಲೆಕ್ಕವಾಗಿ ಇವತ್ತಿನಿಂದಲೇ ಬರೆದಿಡಿ.