ಆರ್‌ಜಿಬಿ ಬೆಳಕಿನ ಪದಗಳು: ಬಿಡಿ, ಪಟ್ಟಿ, ಸರದಿ ಅಂದರೆ ನಡೆಯುತ್ತಾ?

ನಮಸ್ಕಾರ. ಗೇಮಿಂಗ್ ಕೀಬೋರ್ಡು, ಮೌಸುಗಳ ಬಣ್ಣದ ಬೆಳಕನ್ನು ನಮಗೆ ಬೇಕಾದ ಹಾಗೆ ಹೊಂದಿಸಿಕೊಳ್ಳುವ ಬಗ್ಗೆ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಕೆಲವು ಪದಗಳ ವಿಷಯದಲ್ಲಿ ಬಲ್ಲವರ ನೆರವು ಬೇಕು.

ಕೀಬೋರ್ಡ್, ಎಲ್‌ಇಡಿ, ಆರ್‌ಜಿಬಿ ಇವನ್ನೆಲ್ಲ ಹಾಗೇ ಉಳಿಸಿಕೊಂಡಿದ್ದೇನೆ. ಕೆಂಪು, ಹಸಿರು, ನೀಲಿ ಸೇರಿಸಿ 'ಕೆಹನೀ' ಅಂತ ಮಾಡಬಹುದು ನಿಜ. ಆದರೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಕೆಹನೀ ಕೀಬೋರ್ಡ್ ಕೊಡಿ ಅಂದರೆ ಅಂಗಡಿಯವರು ಮುಖ ನೋಡುತ್ತಾರೆ ಅಷ್ಟೇ.

ನಿಜವಾದ ತೊಡಕು ಆರ್‌ಜಿಬಿ ಅನ್ನುವ ಒಂದೇ ಹೆಸರಿನಡಿ ಮೂರು ಬಗೆಯ ಸಾಮಾನು ಮಾರಾಟವಾಗುತ್ತಿರುವುದು. ಅಗ್ಗದ ಕೀಬೋರ್ಡಿನಲ್ಲಿ ಎಡಕ್ಕೆ ಕೆಂಪು, ನಡುವೆ ಹಸಿರು, ಬಲಕ್ಕೆ ನೀಲಿ ಹೀಗೆ ಬಣ್ಣಗಳು ಮೊದಲೇ ಕೂತಿರುತ್ತವೆ. ಹಚ್ಚಬಹುದು, ಆರಿಸಬಹುದು, ಮಿಣುಕಿಸಬಹುದು. ಕೆಂಪಿದ್ದ ಕಡೆ ನೀಲಿ ತರಲು ಆಗಲ್ಲ. ಇನ್ನೊಂದು ಬಗೆಯಲ್ಲಿ ಕೀಬೋರ್ಡನ್ನು ಮೂರೋ ನಾಲ್ಕೋ ಭಾಗ ಮಾಡಿ, ಭಾಗಕ್ಕೊಂದು ಬಣ್ಣ ಆಯ್ದುಕೊಳ್ಳಲು ಬಿಡುತ್ತಾರೆ. ಇಂಥ ಭಾಗಕ್ಕೆ ಇಂಗ್ಲಿಷಿನಲ್ಲಿ ಝೋನ್ ಅನ್ನುತ್ತಾರೆ. ಮೂರನೆಯದರಲ್ಲಿ ಒಂದೊಂದು ಕೀಲಿಗೂ ಬೇರೆ ಬೇರೆ ಬಣ್ಣ ಕೊಡಬಹುದು. ಪ್ರತಿ ಕೀಲಿಯಡಿ ಮೂರು ಬಣ್ಣದ ಪುಟ್ಟ ಎಲ್‌ಇಡಿಗಳು, ಒಂದೊಂದಕ್ಕೂ 256 ಮೆಟ್ಟಿಲು. ಗುಣಿಸಿದರೆ 1,67,77,216. ಪೆಟ್ಟಿಗೆ ಮೇಲೆ ದೊಡ್ಡದಾಗಿ 16.8 ಮಿಲಿಯನ್ ಬಣ್ಣ ಅಂತ ಹಾಕುವುದು ಇದನ್ನೇ. ನಮ್ಮ ಲೆಕ್ಕದಲ್ಲಿ ಸುಮಾರು 1.68 ಕೋಟಿ.

ಕೋರ್ಸೇರ್, ರೇಝರ್ ಕಂಪನಿಗಳ ಇಂಥ ಕೀಬೋರ್ಡುಗಳು ಪೇಟೆಗೆ ಬಂದದ್ದು 2014ರಲ್ಲಿ. ಅದೇ ವರ್ಷ ನೀಲಿ ಎಲ್‌ಇಡಿಗಾಗಿ ಅಕಾಸಾಕಿ, ಅಮಾನೊ, ನಾಕಾಮುರಾ ಅವರಿಗೆ ಭೌತಶಾಸ್ತ್ರದ ನೊಬೆಲ್ ಸಿಕ್ಕಿತು. ಎರಡಕ್ಕೂ ನೇರ ನಂಟಿಲ್ಲ, ಸುಮ್ನೆ ಹೇಳಿದೆ. ಆದರೆ ನೀಲಿ ಇಲ್ಲದಿದ್ದರೆ ಈ ಆಟವೇ ಇರುತ್ತಿರಲಿಲ್ಲ ಅಲ್ವಾ?

ಈ ಮೂರಕ್ಕೆ ಸದ್ಯ ನಾನು ಬಳಸುತ್ತಿರುವುದು 'ಕೂತ ಬಣ್ಣ', 'ಪಟ್ಟಿ ಬೆಳಕು', 'ಬಿಡಿ ಬೆಳಕು'. ಝೋನ್‌ಗೆ ವಲಯ ಇದೆಯಲ್ಲ ಅನ್ನಬಹುದು. ವಲಯ ಅಂದಕೂಡಲೇ ನನಗೆ ವಲಯ ಅರಣ್ಯಾಧಿಕಾರಿ ನೆನಪಾಗುತ್ತಾರೆ. ನಿಮಗೆ ಹಾಗನಿಸದಿದ್ದರೆ ಹೇಳಿ, ಬದಲಾಯಿಸುತ್ತೇನೆ.

ಹೆಚ್ಚು ತಲೆಕೆಡಿಸಿದ್ದು ಅಡ್ರೆಸೆಬಲ್ ಆರ್‌ಜಿಬಿ, ಅಂದರೆ ಎಆರ್‌ಜಿಬಿ. ಸಾಲಿನಲ್ಲಿರುವ ಒಂದೊಂದು ದೀಪಕ್ಕೂ ಬೇರೆ ಬೇರೆ ಬಣ್ಣ ಕೊಡಬಹುದಾದ ಬಗೆ ಇದು. ಕಂಪ್ಯೂಟರ್ ಪೆಟ್ಟಿಗೆಯ (ಕ್ಯಾಬಿನೆಟ್ಟಿನ) ಫ್ಯಾನು, ಎಲ್‌ಇಡಿ ಪಟ್ಟಿಗಳ ಮೇಲೆ ಇದು ಜಾಸ್ತಿ ಕಾಣುತ್ತದೆ. 'ವಿಳಾಸ' ಸೇರಿಸಿ ಪದ ಕಟ್ಟುವ ಆಸೆಯಾಗುತ್ತದೆ. ಆದರೆ ಒಳಗೆ ವಿಳಾಸವೇ ಇಲ್ಲ! ಡಬ್ಲ್ಯೂಎಸ್2812ಬಿ ಅನ್ನುವ ಹೆಸರುವಾಸಿ ಎಲ್‌ಇಡಿಯನ್ನೇ ನೋಡಿ. ಮಾಹಿತಿಯ ತಂತಿ ಮೊದಲ ದೀಪಕ್ಕೆ ಬರುತ್ತದೆ. ಅದು ಮೊದಲ 24 ಬಿಟ್, ಅಂದರೆ ಒಂದು ದೀಪದ ಬಣ್ಣಕ್ಕೆ ಬೇಕಾದಷ್ಟು ಮಾಹಿತಿ, ತಾನು ಇಟ್ಟುಕೊಂಡು ಉಳಿದದ್ದನ್ನು ಮುಂದಕ್ಕೆ ಕಳಿಸುತ್ತದೆ. ಎರಡನೆಯದೂ ಹಾಗೇ. ಭಜನೆ ಮುಗಿದ ಮೇಲೆ ಪ್ರಸಾದದ ತಟ್ಟೆ ಕೈಯಿಂದ ಕೈಗೆ ದಾಟಿದಂತೆ. ಯಾರಿಗೆ ಯಾವುದು ಅನ್ನುವುದನ್ನು ಕೂತ ಸಾಲೇ ತೀರ್ಮಾನಿಸುತ್ತದೆ. ಅದಕ್ಕೇ 'ಸರದಿ ಬೆಳಕು' ಅಂದರೆ ಹೇಗೆ ಅಂತ ಯೋಚನೆ. 'ಬಿಡಿ ಬೆಳಕು' ಇಲ್ಲೂ ಸಾಕು ಅನ್ನುವವರಿದ್ದರೆ ಅವರ ವಾದವನ್ನೂ ಕೇಳಬೇಕು.

ಇದು ಬರೀ ಪದದ ಹಟವಲ್ಲ. ಕಂಪ್ಯೂಟರಿನ ಮುಖ್ಯ ಹಲಗೆಯಾದ ಮದರ್‌ಬೋರ್ಡಿನಲ್ಲಿ ಸಾದಾ ಆರ್‌ಜಿಬಿಗೆ 12 ವೋಲ್ಟಿನ ನಾಲ್ಕು ಪಿನ್ನಿನ ಜಾಗ, ಎಆರ್‌ಜಿಬಿಗೆ 5 ವೋಲ್ಟಿನ ಮೂರು ಪಿನ್ನಿನದು. ಎರಡಕ್ಕೂ ಒಂದೇ ಹೆಸರಿಟ್ಟು, ಓದಿದವರು 5 ವೋಲ್ಟಿನ ಎಲ್‌ಇಡಿ ಪಟ್ಟಿಯನ್ನು 12ಕ್ಕೆ ಒತ್ತಿ ಸಿಕ್ಕಿಸಿದರೆ ದೀಪಗಳು ಸುಟ್ಟುಹೋಗುತ್ತವೆ.

ಇನ್ನು ಬಣ್ಣದ ಮಾತು. ನಮ್ಮ 'ಕಡು', 'ತಿಳಿ' ಎಷ್ಟು ಚೆಂದ! ಆದರೆ ಅವು ಬಟ್ಟೆ, ಸುಣ್ಣಬಣ್ಣಗಳ ಜಗತ್ತಿನವು. ಬೆಳಕಿನಲ್ಲಿ ಕಡುನೀಲಿ ಅಂತ ಆರಿಸಿದರೆ ಬರುವುದು ಮಂದವಾಗಿ ಉರಿಯುವ ನೀಲಿ. ಕಂದು ಆರಿಸಿದರೆ ಮಂಕು ಕಿತ್ತಳೆ ಕಾಣುತ್ತದೆ, ಯಾಕೆಂದರೆ ಸುತ್ತಲಿನ ಬೆಳಕಿಗಿಂತ ಕಪ್ಪಿಟ್ಟ ಕಿತ್ತಳೆಯನ್ನೇ ನಾವು ಕಂದು ಅನ್ನುವುದು. ಕಪ್ಪು ಆರಿಸಿದರೆ ದೀಪ ಆರುತ್ತದೆ. ಹಾಗಾಗಿ ಬ್ರೈಟ್‌ನೆಸ್‌ಗೂ (ಬೆಳಕು ಎಷ್ಟು ಜೋರು) ಸ್ಯಾಚುರೇಶನ್‌ಗೂ (ಬಿಳಿ ಬೆರೆಯದೆ ಬಣ್ಣ ಎಷ್ಟು ಅಚ್ಚ) ಒಂದೇ 'ಕಡು' ಬಳಸಿದರೆ ಓದುಗರು ದಾರಿ ತಪ್ಪುತ್ತಾರೆ. ಬ್ರೈಟ್‌ನೆಸ್‌ಗೆ 'ಪ್ರಖರತೆ' ಪುಸ್ತಕದ ಪದ, 'ಹೊಳಪು' ಅಂದರೆ ಪಾಲಿಶ್ ನೆನಪಾಗುತ್ತದೆ. ಲಾಟೀನಿನ ಕಾಲದವರು 'ದೀಪ ಸಣ್ಣ ಮಾಡು, ದೊಡ್ಡ ಮಾಡು' ಅನ್ನುತ್ತಿದ್ದರು. ನನಗೆ ಅದೇ ಇಷ್ಟ. ಸ್ಯಾಚುರೇಶನ್‌ಗೆ 'ಬಣ್ಣದ ಗಟ್ಟಿತನ' ಅಂತ ಬರೆದಿದ್ದೇನೆ, ಮನಸ್ಸಿಗೆ ಒಪ್ಪಿಲ್ಲ.

ಬೆಳಕಿನ ಆಟಗಳ, ಅಂದರೆ ಎಫೆಕ್ಟ್‌ಗಳ ಹೆಸರು ಅಷ್ಟು ಕಷ್ಟವಿಲ್ಲ. ವೇವ್ ಅಂದರೆ ಅಲೆ. ರಿಯಾಕ್ಟಿವ್‌ಗೆ 'ಒತ್ತಿದರೆ ಬೆಳಗು'. ರಿಪಲ್, ಅಂದರೆ ಒತ್ತಿದ ಕೀಲಿಯಿಂದ ಸುತ್ತಲೂ ಹರಡುವುದು, 'ಉಂಗುರದ ಅಲೆ'. ಬ್ರೀದಿಂಗ್ ಮಾತ್ರ ಸಿಕ್ಕಿಬಿದ್ದಿದೆ. ಬೆಳಕು ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. 'ಉಸಿರಾಟ' ಅಂದರೆ ಆಸ್ಪತ್ರೆ ವಾಸನೆ. 'ಮಿಣುಕು' ಇದಕ್ಕೆ ತೀರಾ ಚುರುಕು, ಅದು ಬ್ಲಿಂಕ್‌ಗೆ ಸರಿ. 'ಏರಿಳಿತ' ಅಂದರೆ ಷೇರುಪೇಟೆ. ದೀಪ ಹೀಗೆ ನಿಧಾನಕ್ಕೆ ಬೆಳಗಿ ಮಂಕಾಗುವುದಕ್ಕೆ ಧಾರವಾಡ, ಕುಂದಾಪುರ, ಕಲಬುರಗಿ ಕಡೆ ಆಡುಮಾತಿನಲ್ಲಿ ಏನಾದರೂ ಪದ ಇದೆಯಾ? ಇದ್ದರೆ ಅದನ್ನು ಬಳಸುವ ಒಂದು ವಾಕ್ಯವನ್ನೂ ಜೊತೆಗೆ ಬರೆಯಿರಿ.