ಹೊಲದಿಂದ ಮನೆಗೆ: ಈ ವಾರ ಕೃಷಿ ಸರ್‌ಗೆ ಕೇಳಿ (ರೈತರೂ ತರಕಾರಿ ಕೊಳ್ಳುವವರೂ ಇರುವ ಗುಂಪಿನ ಮಾತುಕತೆ)

ಬಸವರಾಜ, ಕುಂದಗೋಳ: ನಮಸ್ಕಾರ ಸರ್. ಹುಬ್ಬಳ್ಳಿಯ 40 ಮನೆಯವರು ಆರು ತಿಂಗಳ ದುಡ್ಡು ಮುಂಗಡ ಕೊಡ್ತೀವಿ, ವಾರಕ್ಕೊಂದು ಬುಟ್ಟಿ ತರಕಾರಿ ಕೊಡು ಅಂತಿದ್ದಾರೆ. ಎರಡು ಎಕರೆ ಎರೆ ಹೊಲ, ಒಂದೇ ಬೋರ್. ಸರ್ಕಾರದ ಸಹಾಯಧನ ಸಿಗುತ್ತದಾ?

ಕೃಷಿ ಸರ್ (ನಿವೃತ್ತ ಕೃಷಿ ಅಧಿಕಾರಿ): ಸಹಾಯಧನ ಇರಲಿ, ನನಗೆ ಚಿಂತೆ ನಿಮ್ಮ ಬೋರಿನದು. ಏಪ್ರಿಲ್‌ನಲ್ಲಿ ಅದು ನಿಂತರೆ 40 ಮನೆಗೆ ಏನು ಕೊಡ್ತೀರಿ? 12 ಮನೆಯಿಂದ ಶುರು ಮಾಡಿ. ದುಡ್ಡು ತಿಂಗಳಿಗೊಮ್ಮೆ ತಗೊಳ್ಳಿ. ಬೆಳೆ ಹೋದರೆ ನಷ್ಟ ಯಾರಿಗೆ ಅಂತ ಮೊದಲೇ ಬರೆದು ಸಹಿ ಹಾಕಿಸಿ. ಮಳೆ ಕೈಕೊಟ್ಟಾಗ ತಿನ್ನುವವರೂ ಪಾಲು ಹೊರಬೇಕು, ಇಲ್ಲದಿದ್ದರೆ ಅದು ಮುಂಗಡ ಅಲ್ಲ, ನಿಮ್ಮ ತಲೆ ಮೇಲಿನ ಸಾಲ. ಪೂರ್ತಿ ಟೊಮೆಟೊ ಹಾಕಬೇಡಿ. ರಾಜಗಿರಿ, ಮೆಂತೆ, ಪುಂಡಿಪಲ್ಯೆ ಹದಿನೈದು ದಿನಕ್ಕೊಮ್ಮೆ ನಾಲ್ಕು ನಾಲ್ಕು ಸಾಲು ಬಿತ್ತುತ್ತಾ ಹೋಗಿ.

ಸಹಾಯಧನದ ಮಾತಿಗೆ ಬಂದರೆ, ಸಾವಯವ ಕೃಷಿಗೆ ಕೇಂದ್ರದ ಪರಂಪರಾಗತ ಕೃಷಿ ವಿಕಾಸ ಯೋಜನೆ 2015ರಿಂದ ಇದೆ. ಅದು ಒಬ್ಬರ ಹೊಲಕ್ಕಲ್ಲ, ಗುಂಪಿಗೆ. ಮೂರು ವರ್ಷಕ್ಕೆ ಹೆಕ್ಟೇರ್‌ಗೆ 31,500 ರೂಪಾಯಿ, ಅದರಲ್ಲಿ 15,000 ರೈತನ ಖಾತೆಗೆ. ಪಿಜಿಎಸ್ (ರೈತರೇ ಒಬ್ಬರಿಗೊಬ್ಬರು ಖಾತ್ರಿ ಕೊಡುವ ಸಾವಯವ) ಪ್ರಮಾಣಪತ್ರಕ್ಕೂ ಕನಿಷ್ಠ 5 ರೈತರು ಬೇಕು. ಒಬ್ಬರ ಹೊಲ ಇನ್ನೊಬ್ಬರು ನೋಡಬೇಕು. ಉತಾರ (ಪಹಣಿ) ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೇಳಿ.

ಸವಿತಾ, ವಿದ್ಯಾನಗರ: ನವಲೂರು ಪೇರಲ ಯಾರಾದರೂ ಕೊಡ್ತೀರಾ?

ಮಹೇಶ, ಅಣ್ಣಿಗೇರಿ: ಸರ್, ಸಬ್ಸಿಡಿ ಎಷ್ಟು?

ಕೃಷಿ ಸರ್: ಮೇಲೆ ಓದಿ.

ಗಿರಿಜಾ, ಧಾರವಾಡ: ಫಾರ್ವರ್ಡ್ ಬಂದಿದೆ. ಉಪ್ಪು, ವಿನೆಗರ್, ಸೋಪಿನ ನೀರು ಹೊಡೆದರೆ ಕಳೆ ಮಾಯ. ಪೂರ್ತಿ ಸಾವಯವ!

ಕೃಷಿ ಸರ್: ಅಕ್ಕಾ, ಅಳಿಸಿ. ಇದು ಮೂರನೇ ಸಲ. ಎರೆ ಮಣ್ಣಲ್ಲಿ ನೀರು ಬೇಗ ಬಸಿಯೋದಿಲ್ಲ, ಉಪ್ಪು ಅಲ್ಲೇ ಕೂರುತ್ತದೆ. ಹೊಲ ಸವಳಾದರೆ ಕಳೆ ಜೊತೆ ಬೆಳೆಯೂ ಹೋಯಿತು. ಎಡೆ ಹೊಡೆಯಿರಿ, ಸಾಕು.

ಮಹಾಂತೇಶ, ಕೇಶ್ವಾಪುರ: ಈ ಗುಂಪಲ್ಲಿ ಮೆಂತೆ ಕಟ್ಟು 20 ರೂಪಾಯಿ. ಜನತಾ ಬಜಾರ್‌ನಲ್ಲಿ 10. ಸಾವಯವ ಅನ್ನೋಕೆ ಕಾಗದ ಎಲ್ಲಿದೆ?

ಬಸವರಾಜ: ಅಣ್ಣಾರ, ನಸುಕಿನಲ್ಲಿ ಕಿತ್ತು, ಹಸಿ ಗೋಣಿ ಸುತ್ತಿ, ಟಂಟಂ ಬಾಡಿಗೆ ಕೊಟ್ಟು ತರ್ತೀವಿ. 10ಕ್ಕೆ ನೀವೇ ಬೆಳೀರಿ.

ಮಹಾಂತೇಶ: ಕಾಗದ ಕೇಳಿದೆ, ಕಥೆ ಅಲ್ಲ.

ಸವಿತಾ: ಹೋದ ತಿಂಗಳು ಇನ್ನೊಬ್ಬ ರೈತರಿಗೆ ಮುಂಗಡ ಕೊಟ್ಟು, ಎರಡನೇ ವಾರ ವಾಪಸ್ ಕೇಳಿದ್ದು ನೀವೇ ಅಲ್ವಾ?

ಮಹಾಂತೇಶ: ಬುಟ್ಟಿ ತುಂಬ ಬರೀ ಹಕ್ಕರಕಿ ಸೊಪ್ಪು ಬಂದರೆ ಸುಮ್ನೆ ಇರಬೇಕಾ?

ಕೃಷಿ ಸರ್: ವರ್ಷದ ವ್ಯಾಪಾರ 12 ಲಕ್ಷ ದಾಟದ ಸಣ್ಣ ರೈತ ತಿನ್ನುವವರಿಗೇ ನೇರ ಮಾರಿದರೆ ಕಾಗದ ಕಡ್ಡಾಯವಲ್ಲ. ಸಾವಯವ ಆಹಾರದ ಸರ್ಕಾರಿ ಮುದ್ರೆ ಜೈವಿಕ್ ಭಾರತ್ ಗುರುತು ಮಾತ್ರ ಹಾಕುವಂತಿಲ್ಲ. ಹಕ್ಕರಕಿ ಜಗಳ ನನ್ನ ಇಲಾಖೆಯದಲ್ಲ.

ಮಹೇಶ: ಸರ್, ಸಬ್ಸಿಡಿಗೆ ಅರ್ಜಿ ಎಲ್ಲಿ ಕೊಡಬೇಕು?

ಕೃಷಿ ಸರ್: ಮಹೇಶ. ಮೇಲೆ.

ಬಸವರಾಜ: ಸರ್, 12 ಮನೆಗೇ ಕೊಡ್ತೀನಿ. ಕೇಶ್ವಾಪುರದ ಅಣ್ಣಾರ ಮನೆ ಬಿಟ್ಟು.